ಸೀಟು ಹಿಡಿದ ಬುತ್ತಿ ಗಂಟು

ನಮ್ಮವ್ವಗ ದೇವರು ಅದಾನೋ ಇಲ್ಲೋ ಅಂತ ಒಮ್ಮೊಮ್ಮೆ ಅನುಮಾನ ಬಂದಿದ್ದೀತು, ಕಳ್ಳರು ಅದಾರ ಅನ್ನೂದರಾಗ ಮಾತ್ರ ಎಂದೂ ಬಂದಿಲ್ಲ. ತಾಂಬಾದಾಗಿನ ನಮ್ಮ ಮನಿಗೆ ಕಳ್ಳರು ಬಂದಿದ್ದು ನನಗಂತೂ ನೆನಪಿಲ್ಲ. ಬಂದಿದ್ರೂ ಪಾಪ, ಅಳಕೋತ ಹೋಗಿರ್ತಾರ. ತಿಜೋರಿಗೆ ಕೀಲಿ, ಅದರ ಕೀಲಿಕೈ ಟ್ರಂಕಿನ್ಯಾಗ. ಟ್ರಂಕಿಗೆ ಕೀಲಿ, ಅದರ ಕೀಲಿಕೈ ಜ್ವಾಳದ ಹಿಟ್ಟಿನ ಡಬ್ಬ್ಯಾಗ. ಹಬ್ಬದ ದಿನ ರೇಷ್ಮಿ ಸೀರಿ ಉಡಬೇಕಂದ್ರ ಆಕಿ ಮೊದಲ ಹಿಟ್ಟಿನ್ಯಾಗ ಮೊಣಕೈ ಮಟಾ ಕೈ ಹಾಕಿ ಹುಡುಕ್ಬೇಕು. ರೇಷ್ಮಿ ಸೀರಿ ಉಟ್ಟ ನಮ್ಮವ್ವನ ಫೋಟೋ ಯಾವುದರ ನೋಡ್ರಿ, ಬಲಗೈಗೆ ಹಿಟ್ಟು ಮೆತ್ತಿರ್ತೈತಿ.

ಮನ್ಯಾಗಿನ ಎಲ್ಲಾ ಪಾತ್ರಿ ಮ್ಯಾಲ ಅಪ್ಪನ ಹೆಸರು ಹೊಡಿಸ್ಯಾಳ. ಕೊಡದ ಮ್ಯಾಲ, ಚರಿಗಿ ಮ್ಯಾಲ, ಸೌಟಿನ ಮ್ಯಾಲ, ಕಡೀಕ ಚಾ ಸೋಸೂ ಜಾಳಗಿ ಹಿಡಿಕಿ ಮ್ಯಾಲ ಸೈತ. "ಈ ಮನ್ಯಾಗ ನನ್ನ ಹೆಸರು ಹೊಡಿಸದ ಸಾಮಾನ ಅಂದ್ರ ನಾ ಒಬ್ಬಂವನ" ಅಂತಾನ ಅಪ್ಪ. ಗುಡಿಗೆ ಹೋದ್ರ ಅವ್ವ ಒಂದ ಚಪ್ಪಲಿ ಬಾಗಲದ ಬಲಕ್ಕ ಬಿಡ್ತಾಳ, ಇನ್ನೊಂದು ದೂರ ಎಡಕ್ಕ, ನಡುವ ಊರ ಮಂದಿ ಚಪ್ಪಲಿ ಎಲ್ಲಾ. ಒಂಟಿ ಚಪ್ಪಲಿ ಯಾವ ಕಳ್ಳ ಒಯ್ತಾನ ಅಂತ ಆಕಿ ಲೆಕ್ಕ. ದೇವರ ದರ್ಶನ ಲಗೂನ ಮುಗೀತೈತಿ, ಚಪ್ಪಲಿ ದರ್ಶನಕ್ಕ ತಾಸು ಹಿಡೀತೈತಿ. ನಾ ಇಂಡ್ಯಾಗ ಸಾಲಿ ಟೀಚರ್ ಆದ ಮ್ಯಾಲ ಮೊದಲನೇ ಪಗಾರದಾಗ ಆಕಿಗೆ ಒಂದ ಫೋನ್ ಕೊಡಿಸಿದೆ. ಅದಕ್ಕ ಲಾಡಿ ಕಟ್ಟಿ, ಲಾಡಿಗೆ ಪಿನ್ ಹಾಕಿ, ಪಿನ್ನು ನಡಕ್ಕ ಚುಚ್ಚಿಕೊಂಡ್ಲು. ಲಾಡಿ ಗಿಡ್ಡ ಆತು. ಈಗ ಫೋನ್ ಬಂದ್ರ ಫೋನು ಕಿವಿ ಮಟಾ ಬರೂದಿಲ್ಲ, ಆಕಿನ ಬಗ್ಗಿ ಹೊಟ್ಟಿ ಕಡೆ ಕಿವಿ ಒಯ್ದು "ಹಲೋ" ಅನಬೇಕು.

ನಗಬ್ಯಾಡ್ರಿ. ನಗಬ್ಯಾಡ್ರಿ ಅಂತ ನಾ ಹೇಳಾಕತ್ತೇನಿ, ನನಗ ನಗು ತಡಕೊಳ್ಳಾಕ ಆಗವಲ್ತು. ಆದ್ರ ಇದಕ್ಕ ಕಾರಣ ಐತಿ. ನಾ ಹುಟ್ಟೂಕಿಂತ ಮೊದಲ ಯಂಕಂಚ್ಯಾಗ ಯಾರದೋ ಮದವ್ಯಾಗ ಅವ್ವನ ಟ್ರಂಕು ಹೋತಂತ. ತವರಿನವರು ಮದವಿ ಕಾಲಕ್ಕ ಹಾಕಿದ್ದ ಪಾಟ್ಲಿ, ಬಿಲ್ವಾರ ಅಂತ ಕೈಯಾನ ಬಂಗಾರದ ಬಳಿ ಎಲ್ಲಾ ಅದರ ಜೋಡಿ ಹೋದ್ವು. ಕೊಳ್ಳಾಗ ಇತ್ತಂತ ಉಳದಿದ್ದು ಬೋರಮಾಳ ಒಂದ. ಸಣ್ಣ ಸಣ್ಣ ಬಂಗಾರದ ಗುಂಡು ಪೋಣಿಸಿದ ಹಳೀ ಸರ. ನಮ್ಮ ಆಯಿ, ಅಂದ್ರ ಅವ್ವನ ಅವ್ವ, ತನ್ನ ಕೊಳ್ಳಾಗಿಂದ ತಗದು ಮಗಳಿಗೆ ಹಾಕಿದ್ದು. ಆಯಿ ತೀರಿಕೊಂಡ ಮ್ಯಾಲ ಆಕಿದು ಅನ್ನೂದು ಅವ್ವನ ಹಂತ್ಯಾಕ ಅದೊಂದ ಉಳೀತು. ಆಯಿದು ಒಂದ ಫೋಟೋ ಸೈತ ಇಲ್ಲ. ಅವ್ವ ಬೋರಮಾಳ ಹೊರಗ ತಗದಾಗೊಮ್ಮೆ ಅದನ್ನ ಕೊಳ್ಳಿಗೆ ಹಾಕ್ಕೊಳ್ಳೂಕಿಂತ ಮೊದಲ ಕೆನ್ನಿಗೆ ಹಚ್ಚಿಕೋತಾಳ.

ಹೋದ ವರ್ಷ ಮುದ್ದೇಬಿಹಾಳಕ್ಕ ಕೊಟ್ಟ ನಮ್ಮ ಅಕ್ಕ ಬಸರಾದ್ಲು. ಮದವಿ ಆಗಿ ಭಾಳ ವರ್ಷ ಆಗಿತ್ತು, ಹರಕಿ ಹೊತ್ತ ದೇವರೆಲ್ಲಾ ದಣದಿದ್ವು. ಕುಬಸಕ್ಕ, ಅಂದ್ರ ಸೀಮಂತಕ್ಕ, ತವರಿನಿಂದ ಹಸರ ಸೀರಿ, ಹಸರ ಬಳಿ, ಬುತ್ತಿ ಎಲ್ಲಾ ಒಯ್ಯಬೇಕಲ್ಲ. ಬೋರಮಾಳ ಈಗ ಅಕ್ಕನ ಕೊಳ್ಳಿಗೆ ಅಂತ ಅವ್ವ ಹೇಳಿಬಿಟ್ಲು. ಅಕ್ಕಗ ಬಂಗಾರದ ಮ್ಯಾಲ ಅಷ್ಟೇನ ಬಯಕಿ ಇರ್ಲಿಲ್ಲ. ಆಕಿ ಬಯಕಿ ಎಲ್ಲಾ ಅವ್ವನ ಕೈಯಾನ ಶೇಂಗಾ ಹಿಂಡಿ ಮ್ಯಾಲ. ಹುರದ ಶೇಂಗಾ, ಕೆಂಪ ಖಾರ, ಬಳ್ಳೊಳ್ಳಿ ಹಾಕಿ ಅವ್ವ ಒರಳಾಗ ಕುಟ್ಟಿದ್ರ ಎಣ್ಣಿ ಬಿಡಬೇಕು, ಓಣಿ ತುಂಬ ವಾಸನಿ ಬರಬೇಕು. ದಿನಾ ಫೋನ್ ಮಾಡಿ "ಹಿಂಡಿ, ಯವ್ವಾ, ಹಿಂಡಿ" ಅಂತ ಅಳೂದೊಂದ ಬಾಕಿ.

ಮುಂಜಾನೆ ತಾಂಬಾ ಬಿಟ್ವಿ. ಸಿಂದಗ್ಯಾಗ ಬಸ್ಸು ಬದಲಿ ಮಾಡಿ, ಬಸವನ ಬಾಗೇವಾಡಿ ಮ್ಯಾಲಿಂದ ಮುದ್ದೇಬಿಹಾಳ. ಅವ್ವ ತನ್ನ ವ್ಯಾನಿಟಿ ಬ್ಯಾಗನ್ನ ಕೂಸಿನಂಗ ಎದಿಗೆ ಅವಚಿಕೊಂಡಿದ್ಲು. ಅದರ ಜಿಪ್ಪಿಗೆ ಸಣ್ಣದೊಂದ ಕೀಲಿ ಬ್ಯಾರೆ. ಹಾದಿ ಮ್ಯಾಲ ಹೋಗೂ ಕುರುಡನಿಗೂ ಅದರಾಗ ಬಂಗಾರ ಐತಂತ ತಿಳೀಬೇಕು, ಹಂಗ ಹಿಡಕೊಂಡಿದ್ಲು. ಅಪ್ಪನ ಕೈಯಾಗ ಬುತ್ತಿ ಗಂಟು. ಹಳೀ ಹೂವಿನ ಸೀರಿ ತುಂಡಿನ್ಯಾಗ ಕಡಕ್ ರೊಟ್ಟಿ, ಹಿಂಡಿ ಡಬ್ಬಿ ಕಟ್ಟಿದ್ದು. "ನೆಲಕ್ಕ ಇಡಬ್ಯಾಡ್ರಿ, ಕೈ ಬಿಡಬ್ಯಾಡ್ರಿ" ಅಂತ ಅವ್ವ ಮ್ಯಾಲಿಂದ ಮ್ಯಾಲ ಹೇಳಿದ್ಲು. ನಾಯಿ ಬಾಯಿ ಹಾಕೀತು ಅಂತ ಹೇಳ್ತಾಳ ಅಂತ ಅಪ್ಪ ತಿಳಕೊಂಡ. ಅಪ್ಪನ ಹೆಗಲ ಮ್ಯಾಲ ಎಂದೂ ಇರೂ ಟಾವೆಲ್ ಆವತ್ತ ಇರ್ಲಿಲ್ಲ. ಗದ್ಲದಾಗ ಬೀಳತೈತಿ ಅಂತ ಅವ್ವ ಅದನ್ನ ಮಡಚಿ ಚೀಲದಾಗ ಹಾಕಿ ಜಿಪ್ ಎಳದಿದ್ಲು. ಈ ಟಾವೆಲ್ಲಿನ ಮಾತು ನೆನಪಿಡ್ರಿ.

ನಮ್ಮ ಕಡೆ ಬಸ್ಸು ಹತ್ತೂದು ಬಾಗಲದಿಂದ ಶುರು ಆಗೂದಿಲ್ಲ, ಕಿಡಕಿಯಿಂದ ಶುರು ಆಗ್ತೈತಿ. ಬಸ್ಸು ನಿಂದರೂಕಿಂತ ಮೊದಲ ಹೊರಗಿಂದ ಕಿಡಕ್ಯಾಗ ಟಾವೆಲ್ ಒಗೀಬೇಕು. ಅದು ಬಿದ್ದ ಸೀಟು ನಿಮ್ಮದು. ಹೆಂಗಸರಿಗೆ ಟಿಕೆಟ್ ಫ್ರೀ ಆದಾಗಿನಿಂದ ಗದ್ಲ ಇನ್ನೂ ಜೋರ್ ಆಗಿ, ಟಾವೆಲ್ಲು, ಛತ್ರಿ, ಕೈಚೀಲ, ಏನ ಕೈಗೆ ಸಿಗ್ತೈತಿ ಅದು ಹಾರತೈತಿ.

ಸಿಂದಗಿ ಸ್ಟ್ಯಾಂಡಿನ್ಯಾಗ ಮುದ್ದೇಬಿಹಾಳ ಬಸ್ಸು ಒಳಗ ಹೊಳ್ಳೂದಕ್ಕೂ ಅಪ್ಪ ಓಡಿದ. ಎಂದೋ ಕಬಡ್ಡಿ ಆಡಿದ ಕಾಲು ಅವು. ಓಡಕೋತ ಹೆಗಲಿಗೆ ಕೈ ಹಾಕಿದ, ಟಾವೆಲ್ ಇಲ್ಲ. ಕೈ ನೋಡಿದ, ಬುತ್ತಿ ಗಂಟು. ಒಂದ ಕ್ಷಣ ಸೈತ ತಡಾ ಮಾಡ್ಲಿಲ್ಲ ಪುಣ್ಯಾತ್ಮ. ಗಂಟು ಕಿಡಕ್ಯಾಗ ಹಾರಿ ಸೀಟಿನ ಮ್ಯಾಲ ಧಪ್ ಅಂತ ಬಿತ್ತು. "ಹಿಡದ್ನಿ! ಬರ್ರಿ, ಬರ್ರಿ!" ಅಂತ ಅಂವ ಗೆದ್ದವರಂಗ ಕೂಗಿದ.

ಹೋಗಿ ಹತ್ತಬೇಕಿಲ್ಲೋ? ಅವ್ವ ಹತ್ತೂದಿಲ್ಲ. ಎಲ್ಲಿಂದ ಎಲ್ಲಿಗೆ ಹೋಗಬೇಕಾದ್ರೂ ಹತ್ತೂಕಿಂತ ಮೊದಲ ಎಲ್ಲಾ ಸಾಮಾನು ನೆಲಕ್ಕ ಇಟ್ಟು, ಒಂದೊಂದ ಮುಟ್ಟಿ ಎಣಿಸಬೇಕು. ಇದು ಆಕಿ ಕಾಯ್ದೆ. ಆ ಕಡೆ ಮಂದಿ ಬಾಗಲಾಗ ಒಬ್ಬರ ಮ್ಯಾಲ ಒಬ್ಬರು ಬೀಳಾಕತ್ತಾರ, ಈ ಕಡೆ ಅವ್ವ ಬಗ್ಗಿ ಎಣಿಸಾಕತ್ತಾಳ.

"ಒಂದ ಕಡಿಮಿ ಬರಾಕತ್ತೈತಿ."

"ಯವ್ವಾ, ಬಸ್ಸು ಬಿಡ್ತೈತಿ!"

"ನಿಂದರ. ಒಂದ ಕಡಿಮಿ ಬರಾಕತ್ತೈತಿ ಅಂದ್ರ ಕೇಳಸವಲ್ತೇನು?"

ಮತ್ತ ಎಣಿಸಿದ್ಲು. ಮತ್ತ ಕಡಿಮಿ. ಬರದ ಏನ ಮಾಡೀತು, ಆ ಒಂದು ಬಸ್ಸಿನ್ಯಾಗ ಸೀಟು ಹಿಡಕೊಂಡು ಆರಾಮ ಕುಂತಿತ್ತಲ್ಲ! ನನಗ ಹೊಳದು ಬಾಯಿ ತಗಿಯೂದರಾಗ ಕಂಡಕ್ಟರ್ ಸೀಟಿ ಊದಿದ. ಬಾಗಲಾಗ ಜೋತ ಬಿದ್ದ ಮಂದಿ ಸಮೇತ ಬಸ್ಸು ಹೊಳ್ಳಿ ಹೋಗೇ ಬಿಡ್ತು. ಅಪ್ಪ ಸ್ವಲ್ಪ ದೂರ ಓಡಿ, ನಿಂತು, ನಕ್ಕೋತ ವಾಪಸ್ ಬಂದ.

"ಹೋಗ್ಲಿ ಬಿಡ. ರೊಟ್ಟಿ ಅಲ್ಲೇನು? ಯಾರರ ಹಸದವರು ತಿಂತಾರ."

ಅವ್ವನ ಮಾರಿ ಬಿಳಿಚಿತು. ನನ್ನ ತೋಳು ಚಿವುಟಿ, ಕಬ್ಬಿನ ಹಾಲಿನ ಅಂಗಡಿ ಹಿಂದ ಎಳಕೊಂಡು ಹೋದ್ಲು. ಗಾಣದ ಸಪ್ಪಳದಾಗ ನನ್ನ ಕಿವ್ಯಾಗ ಬಾಯಿ ಇಟ್ಲು.

"ಬೋರಮಾಳ ಹೋತು."

"ಹೆಂಗ ಹೋಗ್ತೈತಿ? ವ್ಯಾನಿಟಿ ಬ್ಯಾಗ್ ನಿನ್ನ ಬಗಲಾಗ ಐತಿ."

"ಅದರಾಗ ಬಟ್ಟಿ ಒಗಿಯೂ ಸಬಕಾರ ಐತಿ."

"ಹಂಗಾದ್ರ ಬೋರಮಾಳ?"

"ಹಿಂಡ್ಯಾಗ."

ಆಕಿ ಆಲೋಚನಿ ಹಿಂಗ. ಕಳ್ಳರ ಕಣ್ಣು ಹೆಂಗಸರ ಬ್ಯಾಗಿನ ಮ್ಯಾಲ ಇರ್ತೈತಿ, ಅದಕ್ಕ ಅದರಾಗ ಸಬಕಾರ ಇಟ್ಟು ಎದಿಗೆ ಅವಚಿಕೊಳ್ಳೂದು. ಗಂಡಸರ ಕೈಯಾನ ರೊಟ್ಟಿ ಗಂಟಿನ ಕಡೆ ಯಾವ ಕಳ್ಳನೂ ನೋಡೂದಿಲ್ಲ, ಅದಕ್ಕ ಬಂಗಾರ ಹಿಂಡಿ ಡಬ್ಬ್ಯಾಗ ಹುಗಿಯೂದು. ಪ್ಲಾಸ್ಟಿಕ್ ಸುತ್ತಿದ್ರ ಚರಚರ ಸಪ್ಪಳ ಆಗ್ತೈತಿ ಅಂತ ಏನೂ ಸುತ್ತದ ಹಂಗ ಹುಗದಿದ್ಲು. ಅಪ್ಪಗ ಹೇಳಿರ್ಲಿಲ್ಲ, ಯಾಕಂದ್ರ ನಮ್ಮಪ್ಪ ಗುಟ್ಟು ಹೇಳಿದ್ರೂ ಊರ ಹೊರಗಿನ ಹೊಲದಾಗ ಕೇಳಸ್ತೈತಿ. ಶಾಣ್ಯಾಕಿ ಅಂದ್ರ ಶಾಣ್ಯಾಕಿ ನಮ್ಮವ್ವ.

"ನಡಿ, ಅಪ್ಪಗ ಹೇಳೂಣು."

"ಹೇಳಿದ್ರ ನೋಡ! ಅಂವ ಇಡೀ ಸ್ಟ್ಯಾಂಡಿಗೆ ಸಾರ್ತಾನ. ಬಸ್ಸಿನ್ಯಾಗಿನ ಮಂದಿಗೆ ಫೋನ್ ಹೋಗ್ತೈತಿ, ಡಬ್ಬಿ ತಗೀತಾರ, ಮುಗೀತು."

ಹಂಗಾಗಿ ಬಂಗಾರದ ಸಲುವಾಗಿ ಅಳಬೇಕಾದಾಕಿ ರೊಟ್ಟಿ ಸಲುವಾಗಿ ಅಳಾಕ ನಿಂತ್ಲು. ಕಂಟ್ರೋಲರ್ ಕಿಡಕಿ ಮುಂದ ಹೋಗಿ "ನಮ್ಮ ಬುತ್ತಿ ಗಂಟು ಬಸ್ಸಿನ್ಯಾಗ ಹೋತ್ರಿ, ಬಸ್ಸು ನಿಂದರಸ್ರಿ" ಅಂದ್ಲು.

"ಗಂಟಿನ್ಯಾಗ ಏನಿತ್ರಿ ಅವ್ವಾರ?"

"ರೊಟ್ಟಿ."

"ಮತ್ತೇನರ?"

"ಹಿಂಡಿ."

ಅಂವ ಕನ್ನಡಕ ತಗದು ಅವ್ವನ್ನ ನೋಡಿದ. ಪಾಪ, ಒಳ್ಳೆಂವ. ಕಂಡಕ್ಟರಿಗೆ ಫೋನ್ ಹಚ್ಚಿದ, ಅಂವ ಆ ಗದ್ಲದಾಗ ಎತ್ಲಿಲ್ಲ. ಅವ್ವನ ಕಣ್ಣಾಗಿನ ನೀರು ನೋಡಿ, ತನ್ನ ಟಿಫಿನ್ ಡಬ್ಬಿನ ಕಿಡಕ್ಯಾಗಿಂದ ಹೊರಗ ಸರಿಸಿದ. "ತಗೋರಿ, ನಮ್ಮ ಮನಿದೂ ರೊಟ್ಟಿನ ಐತಿ. ಹಸಗೊಂಡು ಅಳಬ್ಯಾಡ್ರಿ." ಅಷ್ಟರಾಗ ಸುತ್ತ ನಾಕ ಮಂದಿ ಕೂಡಿದ್ರು. "ನಂದ ಎರಡ ತಗೋ ಯಕ್ಕಾ" ಅಂತ ಒಬ್ಬಾಕಿ. "ನನ್ನ ಹಂತ್ಯಾಕ ಚಪಾತಿ ಐತ್ರಿ, ಪಲ್ಲ್ಯಾನೂ ಐತಿ" ಅಂತ ಇನ್ನೊಬ್ಬಾಕಿ. ಅವ್ವ ಎರಡೂ ಕೈಯಾಗ ಮಂದಿ ರೊಟ್ಟಿ ಹಿಡಕೊಂಡು ಗಳಗಳ ಅಳಾಕತ್ತಿದ್ಲು. ನನಗ ಒಳಗಿಂದ ನಗು ಒದ್ದು ಬರಾಕತ್ತಿತ್ತು, ಸೆರಗು ಬಾಯಾಗ ತುರುಕಿಕೊಂಡೆ. ಅಪ್ಪ ಬಂದು ಇದನ್ನ ನೋಡಿ ಗಾಬರಿ ಆದ. ಇಷ್ಟ ವರ್ಷ ಸಂಸಾರ ಮಾಡಿ ತನ್ನ ಹೆಂಡತಿಗೆ ರೊಟ್ಟಿ ಮ್ಯಾಲ ಇಷ್ಟ ಮಾಯಾ ಐತಿ ಅನ್ನೂದು ಅವಗ ಗೊತ್ತ ಇರ್ಲಿಲ್ಲ.

ಸ್ಟ್ಯಾಂಡ್ ಹೊರಗ ಬಾಗೇವಾಡಿಗೆ ಹೋಗೂ ಕ್ರೂಸರ್ ನಿಂತಿತ್ತು. ನಾವು ಅದರಾಗ ತುರುಕಿಕೊಂಡ್ವಿ. "ಮುಂದ ಹೋದ ಬಸ್ಸು ಹಿಡೀಬೇಕಣ್ಣಾ, ಲಗೂನ ಬಿಡ" ಅಂದೆ ಡ್ರೈವರಿಗೆ. ಯಾಕ ಅಂತ ಅಂವ ಕೇಳಿದ. ನಾ ಏನರ ಹೇಳೂಕಿಂತ ಮೊದಲ ಅಪ್ಪ, "ನಮ್ಮ ರೊಟ್ಟಿ ಹೋಗ್ಯಾವು!" ಅಂದ. ಗಾಡ್ಯಾಗಿನ ಮಂದಿ ಎಲ್ಲಾ ಹೊಳ್ಳಿ ನೋಡಿದ್ರು. ಡ್ರೈವರ್ ಕನ್ನಡ್ಯಾಗ ನಮ್ಮನ್ನ ನೋಡಿ, "ಅಂಥಾ ರೊಟ್ಟಿ ಎಂಥಾವ್ರಿ ಸರ?" ಅಂದ.

ಅಪ್ಪಗ ಅಷ್ಟ ಸಾಕಾತು. ದೇವರ ಹಿಪ್ಪರಗಿ ಬರೂ ಮಟಾ ಅವ್ವನ ಹಿಂಡಿ ಪುರಾಣ ನಡೀತು. ಶೇಂಗಾ ಹೆಂಗ ಹುರೀತಾಳ, ಬಳ್ಳೊಳ್ಳಿ ಎಷ್ಟ ಹಾಕ್ತಾಳ, ಬೀಗರು ಹೆಂಗ ಬೆರಳು ನೆಕ್ಕಿದ್ರು. ಕೇಳಿ ಕೇಳಿ ಡ್ರೈವರಿಗೆ ಹುರುಪು ಬಂತು. "ಹಿಡದ ಬಿಡೂಣ ಬಿಡ್ರಿ!" ಅಂತ ಗಾಡಿ ಓಡಿಸಿದ. ಹೌದು, ಓಡಿಸಿದ, ಆದ್ರ ಕೈ ಮಾಡಿದಲ್ಲೆಲ್ಲಾ ನಿಂದರಸಿ ಮಂದಿನ್ನೂ ಹತ್ತಿಸಿಕೊಂಡ. ಹತ್ತಿದವರಿಗೆ ಅಪ್ಪ ಮತ್ತ ಮೊದಲಿಂದ ಹೇಳಿದ. ಹೂವಿನ ಹಿಪ್ಪರಗಿ ಹಂತ್ಯಾಕ ದೂರದಾಗ ಬಸ್ಸಿನ ಹಿಂಬದಿ ಕಾಣಿಸಿ ಇಡೀ ಕ್ರೂಸರ್ "ಅಕಾ ಅಲ್ಲಿ! ರೊಟ್ಟಿ!" ಅಂತ ಚೀರ್ತು. ಅಷ್ಟರಾಗ ಕುರಿ ಹಿಂಡು ಅಡ್ಡ ಬಂತು. ಕುರಿ ದಾಟೂದರಾಗ ಬಸ್ಸು ಮಾಯ.

ಅವ್ವ ಸಬಕಾರದ ಬ್ಯಾಗು ಎದಿಗೆ ಅವಚಿಕೊಂಡ ಕುಂತಿದ್ಲು. ಮಂದಿ ನಗೂ ಗದ್ಲದಾಗ ನನ್ನ ಹೆಗಲಿಗೆ ತಲಿ ಹಚ್ಚಿ ಮೆಲ್ಲಕ ಅಂದ್ಲು, "ನಮ್ಮವ್ವ ಇನ್ನೊಮ್ಮೆ ಸತ್ತಂಗ ಆಗೈತಿ ನೋಡ ನನಗ." ನನ್ನ ನಗು ಅಲ್ಲೆ ನಿಂತು ಹೋತು. ಆಕಿ ಕೈ ಹಿಡಕೊಂಡೆ.

ಬಾಗೇವಾಡಿ ಸ್ಟ್ಯಾಂಡಿನ್ಯಾಗ ಬಸ್ಸು ನಿಂತಿತ್ತು! ಡ್ರೈವರ್ ಚಾ ಕುಡ್ಯಾಕ ಇಳದಿದ್ದ. ಕ್ರೂಸರ್ ಇನ್ನೂ ಪೂರಾ ನಿಂತಿರ್ಲಿಲ್ಲ, ಅವ್ವ ಜಿಗದು ಓಡಿದ್ಲು. ನಾ ನಮ್ಮವ್ವ ಓಡೂದು ನೋಡಿದ್ದ ಆವತ್ತ. ಸೀರಿ ನಿರಿಗಿ ಒಂದ ಕೈಯಾಗ, ವ್ಯಾನಿಟಿ ಬ್ಯಾಗ್ ಒಂದ ಕೈಯಾಗ, ನಡಕ್ಕ ಕಟ್ಟಿದ ಫೋನು ಜೋಕಾಲಿ ಆಡಾಕತ್ತಿತ್ತು.

ಬಾಗಲಾಗಿನ ಮಂದಿನ್ನ ಸೀಳಿಕೊಂಡು ಒಳಗ ಹೋದ್ವಿ. ಒಳಗ ಕಾಲಿಡಾಕ ಜಾಗ ಇಲ್ಲ. ಸೀಟಿನ್ಯಾಗ ಮೂರ ಮೂರು ಮಂದಿ, ನಡುವ ನಿಂತವರ ಬೆವರು ಒಬ್ಬರಿಗೊಬ್ಬರಿಗೆ ಹತ್ತಾಕತ್ತಿತ್ತು. ಅಂಥಾದರಾಗ, ಕಿಡಕಿ ಹಂತ್ಯಾಕಿನ ಒಂದ ಪೂರಾ ಸೀಟಿನ್ಯಾಗ, ಹೂವಿನ ಸೀರಿ ಉಟ್ಟ ನಮ್ಮ ಬುತ್ತಿ ಗಂಟು ಒಬ್ಬಾಕಿನ ಗಾಳಿ ತಗೋತ ಕುಂತಿತ್ತು. ಅದನ್ನ ಯಾರೂ ಮುಟ್ಟಿರ್ಲಿಲ್ಲ.

ಬಾಜೂ ಸೀಟಿನ್ಯಾಗ ಒಬ್ಬಾಕಿ ಮುದುಕಿ ಕೈ ಅಡ್ಡ ಹಿಡಕೊಂಡು ಕುಂತಿದ್ಲು. ನಮ್ಮನ್ನ ನೋಡಿದಾಕಿನ ಸಿಟ್ಟಿಗೆದ್ಲು.

"ನಿಮ್ಮದೇನು ಈ ಗಂಟು? ಬಂದ್ರೇನ್ ಈಗ? ಸಿಂದಗಿಯಿಂದ ಇದರ ಸಲುವಾಗಿ ಎಷ್ಟ ಮಂದಿ ಜೋಡಿ ಜಗಳಾಡೇನಿ ನಾ! ಹತ್ತಿದವರೆಲ್ಲಾ ತಗೀರಿ ತಗೀರಿ ಅಂತಾರ. ಹಿಡಿದವರು ಮುಂದ ಗದ್ಲದಾಗ ಸಿಕ್ಕೊಂಡಿರ್ತಾರ, ಬರ್ತಾರ, ಹಿಡಿದ ಸೀಟು ಹೆಂಗ ಕೊಡೂದು ಅಂತ ನಾ. ಎಲ್ಲಿ ಸತ್ತಿದ್ರಿ ಇಷ್ಟೊತ್ತನಾ?"

"ಕಂಡಕ್ಟರ್ ಏನೂ ಅನ್ನಲಿಲ್ರಿ?" ಅಂದೆ ನಾ.

ಹಿಂದಿಂದ ಕಂಡಕ್ಟರನ ಧ್ವನಿ ಬಂತು. "ನಾ ಟಿಕೆಟ್ ಕೇಳಿದ್ನ್ರಿ. ಗಂಟು ಗಂಡೋ ಹೆಣ್ಣೋ ಅಂದೆ. ಸೀರಿ ಉಟ್ಟೈತಿ, ಹೆಣ್ಣು, ಫ್ರೀ ಅಂದ್ಲು ಈ ಆಯಿ!" ಬಸ್ಸಿನ ಮಂದಿ ಹೋ ಅಂತ ನಕ್ಕಿತು. ಸೀಟಿಗೆ ಒರಗಿ ನಿಂತಿದ್ದ ದಪ್ಪ ಮೀಸಿಯಂವ ಒಬ್ಬ ಮಾತ್ರ ನಗಲಿಲ್ಲ. "ನಗ್ರಿ, ನಗ್ರಿ. ಮೊಣಕಾಲು ಬಾತೈತಿ, ಸಿಂದಗಿಯಿಂದ ನಿಂತೇನಿ. ಒಂದ ಗಂಟಿಗೆ ಸೀಟು, ನನಗಿಲ್ಲ" ಅಂದ. ಆ ಗಂಟು ಎತ್ತಿ ತೊಡಿ ಮ್ಯಾಲ ಇಟ್ಟುಕೊಂಡು ಕುಂತಿದ್ರ ಅವನನ್ನ ಯಾರು ಕೇಳ್ತಿದ್ರು? ಆದ್ರೂ ಮಂದಿ ಹಿಡಿದ ಸೀಟಂತ ಅಂವ ನಿಂತಿದ್ದ.

ಅವ್ವ ಗಂಟು ಎತ್ತಿ ಎದಿಗೆ ಒತ್ತಿಕೊಂಡ್ಲು. ಆಮ್ಯಾಲ ಆ ಮೀಸಿಯಂವಗ, "ನೀವು ಕುಂದರ್ರಿ ಅಣ್ಣಾ. ನಾ ನಿಂದರ್ತೇನಿ" ಅಂದ್ಲು. ಅಂವ ಒಲ್ಲೆ ಅಂದ್ರೂ ತೋಳು ಹಿಡದು ಕುಂದರಿಸಿದ್ಲು.

ಬಸ್ಸು ಬಿಡ್ತು. ಎಲ್ಲಾ ಚೊಲೋ ಆತು, ಇನ್ನ ಮುದ್ದೇಬಿಹಾಳದಾಗ ಇಳದ ಬಿಡೂದು ಅಂತ ನಾ ಉಸಿರು ಬಿಟ್ಟೆ. ಅಷ್ಟರಾಗ ಮುದುಕಿ ಅವ್ವನ ಸೆರಗು ಜಗ್ಗಿದ್ಲು.

"ಯವ್ವಾ, ಒಂದ ಮಾತು. ಈ ಗಂಟಿನ್ಯಾಗ ಹಿಂಡಿ ಐತಿಲ್ಲೋ? ಮುಂಜಾನಿಂದ ಅದರ ವಾಸನಿ ಕುಡಕೋತ ಕುಂತೇನಿ. ಬಾಯಾಗ ನೀರು ಬಂದು ಬಂದು ಸಾಕಾಗೈತಿ. ಇಷ್ಟ ಕಾಯ್ದೇನಿ, ಒಂದ ಚೂರು ರೊಟ್ಟಿ ಹಿಂಡಿ ಕೊಡವಾ."

"ಹೌದ್ ನೋಡ!" ಅಂತ ಅಪ್ಪ ಕುಣದ. "ಎಲ್ಲಾರಿಗೂ ಕೊಡೂಣು! ತಾರ ಇಲ್ಲೆ, ಡಬ್ಬಿ ನಾ ತಗೀತೇನಿ."

ನಾ ಅವ್ವನ ಮಾರಿ ನೋಡಿದೆ. ಆಕಿ ನನ್ನ ಮಾರಿ ನೋಡಿದ್ಲು. ಅಪ್ಪ ಡಬ್ಬಿಗೆ ಕೈ ಹಾಕಿದ್ದ. ಇಲ್ಲ ಅನ್ನಾಕ ಅವ್ವಗ ನೂರು ನೆಪ ಬರ್ತಾವು. ಬೀಗರ ಮನಿಗೆ ಒಯ್ಯೂದೈತಿ, ಮುಸುರಿ ಆಗ್ತೈತಿ, ಏನರ ಅನಬಹುದಿತ್ತು. ಮುದುಕಿ ಕೈ ಚಾಚಿ ಕುಂತಿದ್ಲು. ಅವ್ವ ಆ ಚಾಚಿದ ಕೈ ನೋಡಿದ್ಲು, ಅದು ಸಿಂದಗಿಯಿಂದ ಸೀಟಿಗೆ ಅಡ್ಡ ಹಿಡಿದ ಕೈ.

"ಬಿಡ್ರಿ ಇಲ್ಲೆ," ಅಂದ್ಲು ಅಪ್ಪಗ. "ನಾ ಬಡಸ್ತೇನಿ."

ಡಬ್ಬಿ ಮುಚ್ಚಳಾ ತಗದು, ಇಡೀ ಬಸ್ಸಿನ ಮಂದಿ ಕಣ್ಣ ಮುಂದ, ಹಿಂಡ್ಯಾಗ ಕೈ ಹಾಕಿ ಬೋರಮಾಳ ಹೊರಗ ಎಳದ್ಲು.

ಕೆಂಪ ಖಾರ ಮೆತ್ತಿದ ಬಂಗಾರದ ಸರ ಗಾಳ್ಯಾಗ ತೂಗಾಕತ್ತಿತ್ತು. ಅಪ್ಪನ ಬಾಯಿ ತಗದಿದ್ದು ತಗದಂಗ ಇತ್ತು. ಮೀಸಿಯಂವ ಸೀಟಿನ್ಯಾಗಿಂದ ಅರ್ಧ ಎದ್ದ. "ಅಯ್ಯ ಶಿವನ!" ಅಂತ ಮುದುಕಿ ಎದಿ ಬಡಕೊಂಡ್ಲು. "ಇದನ್ನ ಕಾಯ್ದೇನಾ ನಾ ಸಿಂದಗಿಯಿಂದ!"

"ಸ್ವಲ್ಪ ಹಿಡೀರಿ ಆಯಿ" ಅಂತ ಅವ್ವ ಅದನ್ನ ಆಕಿ ಕೈಯಾಗ ಇಟ್ಲು. "ರೊಟ್ಟಿ ಮುರೀಬೇಕು, ಕೈ ಖಾಲಿ ಇಲ್ಲ."

ನಾ ನನ್ನ ಕಣ್ಣಾರೆ ನೋಡಿದ್ದು ಇದು, ಇಲ್ಲಂದ್ರ ಯಾರ ಹೇಳಿದ್ರೂ ನಂಬ್ತಿದ್ದಿಲ್ಲ. ಚಾ ಜಾಳಗಿಗೆ ಹೆಸರು ಹೊಡಿಸಿದಾಕಿ ತನ್ನ ಅವ್ವನ ಬೋರಮಾಳ ಹೆಸರು ಗೊತ್ತಿಲ್ಲದ 'ಆಯಿ' ಕೈಯಾಗ ಕೊಟ್ಟು, ಬಗ್ಗಿ ರೊಟ್ಟಿ ಮುರಿಯಾಕ ಹತ್ತಿದ್ಲು. ಮಗಳ ಕುಬಸಕ್ಕ ಒಯ್ಯಾಕತ್ತೇವಿ ಅಂತ ಅಪ್ಪ ತನ್ನ ದೊಡ್ಡ ಧ್ವನ್ಯಾಗ ಸಾರಿದ. ಅವ್ವ ಬ್ಯಾಡ ಅನ್ನಲಿಲ್ಲ. ಮುದುಕಿ ಸರಾನ ಸೆರಗಿನಿಂದ ಒರಸಿ, ಕಣ್ಣಿಗೆ ಒತ್ತಿಕೊಂಡು, "ನಿನ್ನ ಮಗಳ ಬಾಣಂತನ ಸುಸೂತ್ರ ಆಗ್ಲಿ" ಅಂತ ಹಿಂದಿನಾಕಿಗೆ ಕೊಟ್ಲು. ಆಕಿ ಒರಸಿ ಅದರ ಹಿಂದಿನಾಕಿಗೆ. ಬುರಖಾ ಹಾಕ್ಕೊಂಡಿದ್ದ ಒಬ್ಬಾಕಿ ಅದನ್ನ ತನ್ನ ಬಸರಿ ಸೊಸಿ ಹೊಟ್ಟಿಗೆ ಮುಟ್ಟಿಸಿ, ದುವಾ ಹೇಳಿ ಮುಂದ ಕಳಿಸಿದ್ಲು. ಕಡೀ ಸೀಟಿನ ಮಟಾ ಹೋತು ಬೋರಮಾಳ, ಅಲ್ಲಿಂದ ಹೊಳ್ಳಿ ಬಂತು. ಅದರ ಹಿಂದ ರೊಟ್ಟಿ ಚೂರು ಹೋದ್ವು. ಬಸ್ಸು ತುಂಬ ಕಟುಂ ಕಟುಂ ಸಪ್ಪಳ, ಬಳ್ಳೊಳ್ಳಿ ವಾಸನಿ, ನಗು. ಡ್ರೈವರನೂ ಒಂದ ಕೈಯಾಗ ಸ್ಟೇರಿಂಗ್, ಒಂದ ಕೈಯಾಗ ರೊಟ್ಟಿ. ಅಷ್ಟೂ ಹೊತ್ತು ಅವ್ವ ಒಮ್ಮೆನೂ ತಲಿ ಎತ್ತಿ ಸರ ಯಾರ ಕೈಯಾಗ ಐತಿ ಅಂತ ನೋಡ್ಲಿಲ್ಲ.

ಮುದ್ದೇಬಿಹಾಳದಾಗ ಇಳದ್ವಿ. ಬಸ್ಸು ಡಿಪೋ ಕಡೆ ಹೋತು. ಅವ್ವ ಎಣಿಸಲಿಲ್ಲ, ಹಂಗ ನಡದ್ಲು. ರೂಢಿ ಬಿದ್ದಿತ್ತಲ್ಲ, ನಾನ ಎಣಿಸಿದೆ.

"ಯವ್ವಾ, ಒಂದ ಕಡಿಮಿ ಬರಾಕತ್ತೈತಿ. ನಿನ್ನ ವ್ಯಾನಿಟಿ ಬ್ಯಾಗ್ ಎಲ್ಲಿ?"

ಅವ್ವ ಖಾಲಿ ಬಗಲು ಮುಟ್ಟಿ ನೋಡಿಕೊಂಡ್ಲು. ಆಮ್ಯಾಲ ಹಾದಿ ಮ್ಯಾಲ ನಿಂತು, ಹೊಟ್ಟಿ ಹಿಡಕೊಂಡು ನಗಾಕ ಹತ್ತಿದ್ಲು. "ಹೋಗ್ಲಿ ಬಿಡ. ಯಾರರ ಬಟ್ಟಿ ಒಗೀತಾರ" ಅಂದ್ಲು. ಅಪ್ಪನೂ ನಕ್ಕ, ನಾನೂ ನಕ್ಕೆ, ಮೂರೂ ಮಂದಿ ಸ್ಟ್ಯಾಂಡಿನ ಮುಂದ ಹುಚ್ಚರಂಗ ನಕ್ಕೋತ ನಿಂತ್ವಿ.

ಕುಬಸದ ಹೊತ್ತಿಗೆ ಮುಟ್ಟಿದ್ವಿ. ಹಸರ ಸೀರಿ ಉಟ್ಟು ಮಣಿ ಮ್ಯಾಲ ಕುಂತಿದ್ದ ಅಕ್ಕನ ಕೊಳ್ಳಾಗ ಅವ್ವ ಬೋರಮಾಳ ಹಾಕಿದ್ಲು. ಅಕ್ಕ ಮೂಗು ಅರಳಿಸಿದ್ಲು. ಸರ ಎತ್ತಿ ಮೂಸಿದ್ಲು.

"ಯವ್ವಾ, ಹಿಂಡಿ ವಾಸನಿ ಬರ್ತೈತಿ!" ಅಂದ್ಲು. ಗುಂಡಿನ ಸಂದ್ಯಾಗ ಉಳದಿದ್ದ ಖಾರ ಒಂದೀಟು ಬೆರಳಿಗೆ ತಗದು ನಾಲಿಗಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿದ್ಲು. ಆಕಿ ಅತ್ತಿ ಒಂದ ಬಟ್ಲಾಗ ನೀರು ತಂದು, "ಕೊಡವಾ, ತೊಳದು ಕೊಡ್ತೇನಿ" ಅಂದ್ರು.

ಅವ್ವ ಅಕ್ಕನ ಕೊಳ್ಳಿನ ಮ್ಯಾಲ ಕೈ ಇಟ್ಲು.

"ಬ್ಯಾಡ್ರಿ ಅಕ್ಕಾರ, ತೊಳೀಬ್ಯಾಡ್ರಿ," ಅಂದ್ಲು. "ಬಸ್ಸಿನ ಮಂದಿ ಎಲ್ಲಾರೂ ಮುಟ್ಟಿ ಕೊಟ್ಟಾರ."